ಕಟ್ಟಡ ಕಾಮಗಾರಿಗೆ ವಿಮೆ: ಯಾವುದು, ಯಾರ ಹೆಸರಲ್ಲಿ, ಎಷ್ಟು ಮೊತ್ತಕ್ಕೆ

ಪಾಯ ತೋಡುವ ಮೊದಲು ಮುಗಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ವಿಮೆ ಸಾಮಾನ್ಯವಾಗಿ ಕೊನೆಗೆ ಇರುತ್ತದೆ, ಎಷ್ಟೋ ಕಡೆ ಪಟ್ಟಿಯಲ್ಲೇ ಇರುವುದಿಲ್ಲ. ನಕ್ಷೆ ಮಂಜೂರಾತಿ, ಬ್ಯಾಂಕ್ ಸಾಲ, ಬೋರ್‌ವೆಲ್, ತಾತ್ಕಾಲಿಕ ವಿದ್ಯುತ್ ಸಂಪರ್ಕ, ಗುದ್ದಲಿ ಪೂಜೆ ಎಲ್ಲವೂ ಆಗುತ್ತವೆ. ಸರ್ಕಾರಿ ಕಾಮಗಾರಿಯಾದರೆ ಮೊದಲ ಬಿಲ್ಲಿನ ಹೊತ್ತಿಗೆ ಎಂಜಿನಿಯರರು ಪಾಲಿಸಿಯ ಪ್ರತಿ ಕೇಳಿದಾಗ, ಖಾಸಗಿ ಕಟ್ಟಡವಾದರೆ ಏನಾದರೂ ಕುಸಿದಾಗ, ವಿಮೆಯ ನೆನಪಾಗುತ್ತದೆ. ವಿಮೆಯ ವಿಧಗಳನ್ನು ತಿಳಿದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಪಾಲಿಸಿ ಇದ್ದೂ ಹಣ ಬಾರದ ಪ್ರಕರಣಗಳನ್ನು ನೋಡಿದರೆ, ತಪ್ಪು ವಿಧದ ಪಾಲಿಸಿ ಕೊಂಡವರಿಗಿಂತ ಸರಿಯಾದ ಪಾಲಿಸಿಯಲ್ಲೇ ಮೊತ್ತ, ದಿನಾಂಕ ಅಥವಾ ಹೆಸರನ್ನು ತಪ್ಪಾಗಿ ಬರೆಸಿದವರೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಬರಹದಲ್ಲಿ ವಿಧಗಳ ಜೊತೆಗೆ ಈ ಮೂರನ್ನೂ ಬಿಡದೆ ಹಿಂಬಾಲಿಸಿದ್ದೇನೆ. ಮನೆ ಕಟ್ಟಿಸುವವರು, ಸಣ್ಣ ಮತ್ತು ಮಧ್ಯಮ ಗುತ್ತಿಗೆದಾರರು, ಅಪಾರ್ಟ್‌ಮೆಂಟ್ ಕಟ್ಟುವವರು ಇವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು.

ಮೊದಲು ಕರಾರನ್ನು ಓದಿ

ವಿಮಾ ಏಜೆಂಟರ ಹತ್ತಿರ ಹೋಗುವ ಮೊದಲು ಗುತ್ತಿಗೆಯ ಕರಾರನ್ನು ಒಮ್ಮೆ ಓದಿ, ಕಾಮಗಾರಿ ನಡೆಯುವಾಗ ಆಗುವ ಒಂದೊಂದು ಬಗೆಯ ನಷ್ಟವೂ ಯಾರ ತಲೆಗೆ ಬರುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಸಾರ್ವಜನಿಕ ಕಾಮಗಾರಿಗಳ ಟೆಂಡರ್ ದಾಖಲೆಗಳಲ್ಲಿ ಸಾಮಾನ್ಯವಾಗಿ ವಿಮೆಯ ಕಲಮು ಇದ್ದೇ ಇರುತ್ತದೆ. ಕಾಮಗಾರಿ, ಸಾಮಗ್ರಿ, ಯಂತ್ರಗಳು, ಇತರರ ಆಸ್ತಿ, ವ್ಯಕ್ತಿಗಳ ಗಾಯ ಮತ್ತು ಸಾವು ಇವಿಷ್ಟಕ್ಕೂ ಇಲಾಖೆ ಹಾಗೂ ಗುತ್ತಿಗೆದಾರ ಇಬ್ಬರ ಜಂಟಿ ಹೆಸರಿನಲ್ಲಿ, ಕೆಲಸ ಆರಂಭವಾದ ದಿನದಿಂದ ದೋಷ ಹೊಣೆಗಾರಿಕೆಯ ಅವಧಿ (ಹಸ್ತಾಂತರದ ನಂತರವೂ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಮುಗಿಯುವವರೆಗೆ ಗುತ್ತಿಗೆದಾರ ವಿಮೆ ಮಾಡಿಸಬೇಕು ಎಂಬುದು ಅದರ ಸಾರ. ಗುತ್ತಿಗೆದಾರ ಮಾಡಿಸದಿದ್ದರೆ ಇಲಾಖೆಯೇ ಮಾಡಿಸಿ ಪ್ರೀಮಿಯಂ ಹಣವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಲು ಅವಕಾಶವಿರುವ ಕರಾರುಗಳೂ ಇವೆ.

ಖಾಸಗಿ ಮನೆಗಳ ಕರಾರಿನಲ್ಲಿ ಇಂಥ ಕಲಮು ಇರುವುದು ಅಪರೂಪ. ಚದರಕ್ಕೆ ಇಷ್ಟು ಎಂಬ ದರ, ಯಾವ ಕಂಪನಿಯ ಸಿಮೆಂಟು, ಯಾವ ಟೈಲ್ಸು, ಎಷ್ಟು ಕಂತು ಎಂಬುದೆಲ್ಲ ವಿವರವಾಗಿ ಇರುತ್ತದೆ. ಮೋಲ್ಡ್ ಹಾಕಿದ ದಿನ ರಾತ್ರಿ ಸೆಂಟ್ರಿಂಗ್ ಕುಸಿದರೆ ನಷ್ಟ ಯಾರದು ಎಂಬ ವಿಷಯ ಮಾತ್ರ ಇರುವುದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲೇ ಈ ಒಂದು ಸಾಲನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಗುತ್ತಿಗೆದಾರರೇ ವಿಮೆ ಮಾಡಿಸುವುದಾದರೆ ಪಾಲಿಸಿಯಲ್ಲಿ ಮಾಲೀಕರ ಹೆಸರೂ ಇರಬೇಕು ಮತ್ತು ಪಾಲಿಸಿಯ ಪ್ರತಿ ಮಾಲೀಕರ ಕೈಗೆ ಬಂದ ಮೇಲೆಯೇ ಮೊದಲ ಕಂತು ಎಂದು ಬರೆದುಕೊಂಡರೆ ಮುಂದಿನ ಅರ್ಧ ತಕರಾರು ತಪ್ಪುತ್ತದೆ.

ಮುಖ್ಯ ಪಾಲಿಸಿ: ಕಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್

ಮನೆ, ಅಪಾರ್ಟ್‌ಮೆಂಟ್, ಸೇತುವೆ, ರಸ್ತೆ, ಕಾಲುವೆ ಮುಂತಾದ ಸಿವಿಲ್ ಕಾಮಗಾರಿಗಳಿಗೆ ಬೇಕಾದ ಮೂಲ ಪಾಲಿಸಿ ಇದು. ಈ ವ್ಯವಹಾರದಲ್ಲಿರುವವರು ಇದನ್ನು ಸಿಎಆರ್ ಅಥವಾ ಸುಮ್ಮನೆ ಕಾರ್ ಪಾಲಿಸಿ ಎನ್ನುತ್ತಾರೆ. ಮೋಟಾರು ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಉಕ್ಕಿನ ಶೆಡ್ಡು, ಯಂತ್ರಸ್ಥಾಪನೆ, ಸೌರ ವಿದ್ಯುತ್ ಘಟಕದಂಥ ಜೋಡಣೆಯ ಕೆಲಸವೇ ಪ್ರಧಾನವಾಗಿದ್ದರೆ ಇದರ ಜೋಡಿ ಪಾಲಿಸಿಯಾದ ಇರೆಕ್ಷನ್ ಆಲ್ ರಿಸ್ಕ್ಸ್ ತೆಗೆದುಕೊಳ್ಳಬೇಕು. ಅದರಲ್ಲಿ ಯಂತ್ರವನ್ನು ಚಾಲನೆಗೊಳಿಸಿ ಪರೀಕ್ಷಿಸುವ ಅವಧಿಗೂ ರಕ್ಷಣೆ ಇರುತ್ತದೆ.

ಕಾರ್ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕಾಮಗಾರಿಗೂ ಸೈಟಿನಲ್ಲಿರುವ ಸಾಮಗ್ರಿಗೂ ಆಗುವ ಹಾನಿಯನ್ನು ನೋಡಿಕೊಳ್ಳುತ್ತದೆ. ಬೆಂಕಿ, ಮಳೆ, ಪ್ರವಾಹ, ಭೂಕುಸಿತ, ಕಳವು, ಕೆಲಸಗಾರರ ಅಜಾಗರೂಕತೆ, ಸೆಂಟ್ರಿಂಗ್ ಕುಸಿತ ಹೀಗೆ, ಪಾಲಿಸಿಯಲ್ಲಿ ಹೆಸರಿಸಿ ಹೊರಗಿಡದ ಯಾವುದೇ ಆಕಸ್ಮಿಕ ಹಾನಿಗೆ ಅದು ಅನ್ವಯಿಸುತ್ತದೆ. ಎರಡನೆಯದು ಕಾಮಗಾರಿಯಿಂದ ಹೊರಗಿನವರ (ವಿಮೆಯ ಭಾಷೆಯಲ್ಲಿ ‘ಮೂರನೆಯವರ’) ಜೀವಕ್ಕೆ ಅಥವಾ ಆಸ್ತಿಗೆ ಧಕ್ಕೆಯಾದಾಗ ಬರುವ ಹೊಣೆಯನ್ನು ಹೊರುತ್ತದೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಹತ್ತಿರ ಮೆಟ್ರೋ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಚೌಕಟ್ಟು ರಸ್ತೆಯ ಮೇಲೆ ಬಿದ್ದು, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗು ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ಕೆಲಸಕ್ಕೆ ಏನೂ ಸಂಬಂಧವಿಲ್ಲದ ದಾರಿಹೋಕರಿಗೆ ಹೀಗೆ ಆಗುವ ಹಾನಿಯೇ ಎರಡನೇ ಭಾಗದ ವಿಷಯ. ಸಣ್ಣ ಕಾಮಗಾರಿಯವರು ಪ್ರೀಮಿಯಂ ಉಳಿಸಲು ಈ ಭಾಗವನ್ನೇ ಕೈಬಿಡುವುದನ್ನು ಅಥವಾ ಹೆಸರಿಗಷ್ಟೇ ಒಂದು ಚಿಕ್ಕ ಮಿತಿ ಬರೆಸುವುದನ್ನು ಕಾಣುತ್ತೇವೆ. ಜನ ಓಡಾಡುವ ಬೀದಿಯಲ್ಲಿ ಕಟ್ಟುವವರು ಹಾಗೆ ಮಾಡಕೂಡದು.

ಈಗ ಮೊತ್ತದ ವಿಷಯ. ಕಾಮಗಾರಿ ಪೂರ್ಣಗೊಂಡ ದಿನ ಅದರ ಒಟ್ಟು ಬೆಲೆ ಎಷ್ಟಾಗುತ್ತದೋ ಅಷ್ಟಕ್ಕೆ ವಿಮೆ ಇರಬೇಕು ಎಂಬುದು ನಿಯಮ. ಸಾಮಗ್ರಿ, ಕೂಲಿ, ಸಾಗಣೆ, ತೆರಿಗೆ ಎಲ್ಲವೂ ಅದರಲ್ಲಿ ಸೇರಬೇಕು. ಎಡವಟ್ಟಾಗುವುದು ಮಾಲೀಕರು ತಾವೇ ತಂದುಕೊಡುವ ಸಾಮಗ್ರಿಯ ವಿಷಯದಲ್ಲಿ. ಉದಾಹರಣೆಗೆ, ಗುತ್ತಿಗೆಯ ಮೊತ್ತ 2 ಕೋಟಿ ರೂಪಾಯಿ, ಅದರ ಹೊರಗೆ ಮಾಲೀಕರು ಕೊಡಿಸುವ ಕಬ್ಬಿಣ ಮತ್ತು ಸಿಮೆಂಟಿನ ಬೆಲೆ 50 ಲಕ್ಷ ಎಂದಿಟ್ಟುಕೊಳ್ಳೋಣ. ಗುತ್ತಿಗೆದಾರರು ತಮ್ಮ ಕರಾರಿನ 2 ಕೋಟಿಗೆ ಮಾತ್ರ ಪಾಲಿಸಿ ಮಾಡಿಸುತ್ತಾರೆ. ಮಳೆಗೆ ತಡೆಗೋಡೆ ಕುಸಿದು 10 ಲಕ್ಷ ನಷ್ಟವಾದರೆ ಕಂಪನಿಯು, ಆಗಬೇಕಿದ್ದ ವಿಮೆ ಎರಡೂವರೆ ಕೋಟಿ, ಆಗಿರುವುದು ಎರಡು ಕೋಟಿ, ಅಂದರೆ ಐದರಲ್ಲಿ ನಾಲ್ಕು ಪಾಲು ಎಂದು ಲೆಕ್ಕ ಹಾಕಿ 8 ಲಕ್ಷವನ್ನಷ್ಟೇ ಒಪ್ಪುತ್ತದೆ. ಅದರಿಂದ ವಿಮೆ ಮಾಡಿಸಿದವರೇ ಭರಿಸಬೇಕಾದ ಮೊದಲ ಪಾಲು, ಅಂದರೆ ಎಕ್ಸೆಸ್, ಮತ್ತೆ ಕಳೆಯುತ್ತದೆ. ನಷ್ಟ ಪಾಲಿಸಿ ಮೊತ್ತಕ್ಕಿಂತ ಎಷ್ಟೋ ಕಡಿಮೆಯಲ್ಲವೇ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಕೆಲಸದ ನಡುವೆ ಒಂದು ಮಹಡಿ ಹೆಚ್ಚಿಸಿದರೂ, ಕಬ್ಬಿಣದ ದರ ಏರಿದರೂ ಕಂಪನಿಗೆ ಬರೆದು ಮೊತ್ತ ಹೆಚ್ಚಿಸಿಕೊಳ್ಳಬೇಕು. ದರ ಏರಿಕೆಗೆಂದೇ ಇಂತಿಷ್ಟು ಶೇಕಡಾ ಎಂಬ ಹೆಚ್ಚುವರಿ ರಕ್ಷಣೆಯನ್ನು ಆರಂಭದಲ್ಲಿಯೇ ಸೇರಿಸಲೂ ಬರುತ್ತದೆ.

ಎಕ್ಸೆಸ್ ಬಗ್ಗೆ ಒಂದು ಮಾತು. ಇದು ಎಲ್ಲ ನಷ್ಟಕ್ಕೂ ಒಂದೇ ಸಮನಾಗಿ ಇರುವುದಿಲ್ಲ. ಮಳೆ, ಪ್ರವಾಹ, ಭೂಕಂಪ, ಕುಸಿತದಂಥವಕ್ಕೆ ಹೆಚ್ಚು, ಉಳಿದವಕ್ಕೆ ಕಡಿಮೆ ಇರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಕೆಲಸ ಮಾಡುವವರು ಪ್ರೀಮಿಯಂ ಎಷ್ಟು ಎಂದು ಕೇಳುವುದಕ್ಕಿಂತ ಮೊದಲು ಪ್ರಕೃತಿ ವಿಕೋಪದ ಎಕ್ಸೆಸ್ ಎಷ್ಟು ಎಂದು ಕೇಳಬೇಕು. ಅಗ್ಗದ ಪಾಲಿಸಿಯ ಗುಟ್ಟು ಬಹುಪಾಲು ಆ ಸಾಲಿನಲ್ಲಿಯೇ ಅಡಗಿರುತ್ತದೆ.

ದಿನಾಂಕಗಳಿಗೂ ಇಷ್ಟೇ ಎಚ್ಚರ ಬೇಕು. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರುವ ಮೊದಲು ಕಂಪನಿ ಹೊಣೆ ಹೊರುವಂತಿಲ್ಲ. ಆದ್ದರಿಂದ ‘ಫೋನಿನಲ್ಲಿ ಹೇಳಿದ್ದೆ’ ಎಂಬುದಕ್ಕೆ ಬೆಲೆ ಇಲ್ಲ. ದೀರ್ಘಾವಧಿಯ ಕಾಮಗಾರಿಗೆ ಪ್ರೀಮಿಯಂ ಕಂತುಗಳಲ್ಲಿ ಕಟ್ಟಲು ಕಂಪನಿ ಒಪ್ಪಿದ್ದರೆ ಕಂತಿನ ದಿನಗಳನ್ನು ಬಿಲ್ಲಿನ ದಿನಗಳಿಗಿಂತ ಚೆನ್ನಾಗಿ ನೆನಪಿಡಬೇಕು, ಏಕೆಂದರೆ ಒಂದು ಕಂತು ತಪ್ಪಿದ ವಾರದಲ್ಲೇ ಅವಘಡವಾದರೆ ಪಾಲಿಸಿ ಇದ್ದೂ ಇಲ್ಲದಂತೆ. ಕೆಲಸ ತಡವಾದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಬರೆಸಿಕೊಳ್ಳಿ. ಹಣದ ಮುಗ್ಗಟ್ಟಿನಿಂದಲೋ ವ್ಯಾಜ್ಯದಿಂದಲೋ ಕೆಲಸ ನಿಂತರೆ ಅದನ್ನೂ ಕಂಪನಿಗೆ ತಿಳಿಸಬೇಕು. ಕೆಲಸ ಸ್ಥಗಿತವಾದ್ದರಿಂದ ಆಗುವ ನಷ್ಟ ಈ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ.

ಇದಕ್ಕಿಂತಲೂ ಕಡಿಮೆ ಜನಕ್ಕೆ ಗೊತ್ತಿರುವ ನಿಯಮ ಇನ್ನೊಂದಿದೆ. ಕಟ್ಟಡದ ಯಾವ ಭಾಗವನ್ನು ಬಳಸಲು ಆರಂಭಿಸುತ್ತೀರೋ ಅಥವಾ ಮಾಲೀಕರ ವಶಕ್ಕೆ ಕೊಡುತ್ತೀರೋ ಆ ಭಾಗಕ್ಕೆ ಕಾರ್ ಪಾಲಿಸಿಯ ರಕ್ಷಣೆ ಅಂದಿಗೇ ಮುಗಿಯುತ್ತದೆ. ಮೇಲೆ ಮೂರನೇ ಮಹಡಿಯ ಗಾರೆ ಕೆಲಸ ನಡೆಯುತ್ತಿರುವಾಗಲೇ ಕೆಳಗೆ ಅಂಗಡಿ ಬಾಡಿಗೆಗೆ ಕೊಡುವುದು ನಮ್ಮ ಊರುಗಳಲ್ಲಿ ತೀರಾ ಸಾಮಾನ್ಯ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ನಿರ್ಮಾಣ ಹಂತದ ಕಟ್ಟಡದ ಕೆಳ ಅಂತಸ್ತುಗಳಲ್ಲೂ ಅಂಗಡಿಗಳು ಆಗಲೇ ನಡೆಯುತ್ತಿದ್ದವು. ಹಾಗೆ ಮಾಡಲೇಬೇಕಾದರೆ ಆ ಭಾಗಕ್ಕೆ ಪ್ರತ್ಯೇಕ ಅಗ್ನಿ ವಿಮೆಯನ್ನು ಅದೇ ದಿನ ಆರಂಭಿಸಬೇಕು.

ಹೊರಗಿಟ್ಟ ವಿಷಯಗಳಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ದೋಷಪೂರಿತ ವಿನ್ಯಾಸ. ಕಾಲಮ್ಮಿನ ಲೆಕ್ಕವೇ ತಪ್ಪಿದ್ದರಿಂದ ಕಟ್ಟಡ ಕುಸಿದರೆ ಮೂಲ ಪಾಲಿಸಿ ಹಣ ಕೊಡುವುದಿಲ್ಲ; ವಿನ್ಯಾಸ ದೋಷದ ವಿಸ್ತರಣೆಯನ್ನು, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆಯನ್ನು, ಬೇರೆಯಾಗಿ ಕೊಳ್ಳಬೇಕು. ಕಳಪೆ ಸಾಮಗ್ರಿ ಅಥವಾ ಕಳಪೆ ಕೆಲಸದ ವಿಷಯ ಸ್ವಲ್ಪ ಬೇರೆ. ಕಳಪೆಯಾದ ಆ ತೊಲೆಯನ್ನು ಮತ್ತೆ ಹಾಕುವ ಖರ್ಚು ಸಿಗುವುದಿಲ್ಲ, ಆದರೆ ಅದು ಬಿದ್ದು ಸರಿಯಾಗಿ ಕಟ್ಟಿದ್ದ ಇತರ ಭಾಗಗಳು ಹಾಳಾದರೆ ಅವುಗಳ ಖರ್ಚು ಸಿಗುತ್ತದೆ. ತಡವಾದ ದಂಡ, ಬೇಕೆಂದೇ ಮಾಡಿದ ಹಾನಿ, ಸವೆತ, ತುಕ್ಕು, ಯುದ್ಧ, ದಾಸ್ತಾನು ಎಣಿಸಿದಾಗ ಕಂಡುಬರುವ ಕೊರತೆ ಇವು ಯಾವುವೂ ಸೇರುವುದಿಲ್ಲ. ಕೊನೆಯದನ್ನು ಗಮನಿಸಿ. ಶೆಡ್ಡಿನ ಬೀಗ ಒಡೆದು ಕಬ್ಬಿಣ ಕದ್ದರೆ ಅದು ಕಳವು, ಪೊಲೀಸ್ ದೂರಿನ ಸಮೇತ ಕ್ಲೇಮು ಮಾಡಬಹುದು. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಎರಡು ಟನ್ ಕಡಿಮೆ ಬಂದರೆ ಅದಕ್ಕೆ ವಿಮೆ ಇಲ್ಲ.

ಪಕ್ಕದ ಮನೆಯ ಗೋಡೆ

ಬೆಂಗಳೂರಿನ 30×40 ಸೈಟಿನಲ್ಲಿ ಪಾರ್ಕಿಂಗಿಗೆಂದು ನೆಲಮಾಳಿಗೆ ತೋಡುವವರು ಈ ಭಾಗವನ್ನು ಎರಡು ಸಲ ಓದಬೇಕು. ಜೆಸಿಬಿ ಹತ್ತು ಅಡಿ ಇಳಿದಾಗ ಪಕ್ಕದ ಹಳೆಯ ಮನೆಯ ಪಾಯ ಗಾಳಿಯಲ್ಲಿ ನಿಂತಂತಾಗುತ್ತದೆ, ಒಂದು ಮಳೆ ಬಂದರೆ ಮಣ್ಣು ಜಾರುತ್ತದೆ, ಗೋಡೆ ಬಿರಿಯುತ್ತದೆ. ಮೂರನೆಯವರ ಹೊಣೆಯ ಭಾಗ ಇದೆಯಲ್ಲ, ಕಂಪನಿ ಕೊಡುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಸಾಮಾನ್ಯ ಕಾರ್ ಪಾಲಿಸಿಯ ಎರಡನೇ ಭಾಗವು ಕಂಪನದಿಂದ ಅಥವಾ ಪಕ್ಕದ ನೆಲಕ್ಕೂ ಕಟ್ಟಡಕ್ಕೂ ಇದ್ದ ಆಧಾರ ಸಡಿಲವಾಗಿ ಆಗುವ ಹಾನಿಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ನೆಲಮಾಳಿಗೆಯ ಕೆಲಸದಲ್ಲಿ ನಡೆಯುವ ಅವಘಡವೇ ಅದು.

ಇದನ್ನು ಒಳಗೆ ತರಲು ಕಂಪನ ಮತ್ತು ಆಧಾರ ಸಡಿಲಿಕೆಯ ಹೊಣೆ ಎಂಬ ವಿಸ್ತರಣೆಯನ್ನು ಕೇಳಿ ಪಡೆಯಬೇಕು. ಕೇಳದಿದ್ದರೆ ಅದು ತಾನಾಗಿ ಬರುವುದಿಲ್ಲ. ಅದಕ್ಕೂ ಷರತ್ತುಗಳಿವೆ. ಕೆಲಸ ಆರಂಭವಾಗುವ ಮೊದಲು ಪಕ್ಕದ ಕಟ್ಟಡ ಸುಸ್ಥಿತಿಯಲ್ಲಿ ಇದ್ದಿರಬೇಕು, ಅದರ ಸ್ಥಿತಿಯ ವರದಿಯನ್ನು ಮೊದಲೇ ಸಿದ್ಧಪಡಿಸಿರಬೇಕು, ತಡೆಗೋಡೆ ಅಥವಾ ಆಧಾರದ ಕ್ರಮಗಳನ್ನು ಕೈಗೊಂಡಿರಬೇಕು. ಹೀಗಿದ್ದೂ ಹಾನಿ ಪೂರ್ಣ ಅಥವಾ ಭಾಗಶಃ ಕುಸಿತವಾಗಿದ್ದರೆ ಮಾತ್ರ ಹಣ. ಕಟ್ಟಡದ ಭದ್ರತೆಗೆ ತೊಂದರೆ ಮಾಡದ ಕೂದಲೆಳೆಯ ಬಿರುಕುಗಳಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಆ ಬಿರುಕುಗಳ ಲೆಕ್ಕವನ್ನು ಗುತ್ತಿಗೆದಾರರು ನೆರೆಯವರ ಜೊತೆ ತಾವೇ ಮುಗಿಸಿಕೊಳ್ಳಬೇಕಾಗುತ್ತದೆ.

ಸ್ಥಿತಿಯ ವರದಿ ಎಂದರೆ ದೊಡ್ಡ ಸಾಹಸವೇನಲ್ಲ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆದುಕೊಂಡು ನೆರೆಮನೆಯವರ ಅನುಮತಿ ಪಡೆದು ಒಳಗೆ ಹೋಗಿ, ಆಗಲೇ ಇರುವ ಒಂದೊಂದು ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ದಿನಾಂಕ ಕಾಣುವಂತೆ ಫೋಟೋ ತೆಗೆದು, ಯಾವ ಕೋಣೆಯ ಯಾವ ಗೋಡೆ ಎಂದು ಬರೆದು, ಎರಡೂ ಕಡೆಯವರ ಸಹಿ ಹಾಕಿಸಿ ಒಂದು ಪ್ರತಿಯನ್ನು ಅವರಿಗೂ ಕೊಟ್ಟರೆ ಸಾಕು. ಅರ್ಧ ದಿನದ ಈ ಕೆಲಸ ವಿಮೆಗೂ ಆಗುತ್ತದೆ, ಇಪ್ಪತ್ತು ವರ್ಷದ ಹಳೆಯ ಬಿರುಕನ್ನು ನಿಮ್ಮ ತಲೆಗೆ ಕಟ್ಟುವುದನ್ನೂ ತಪ್ಪಿಸುತ್ತದೆ. ಅನುಮತಿ ಕೊಡದ ನೆರೆಯವರೂ ಇರುತ್ತಾರೆ. ಆಗ ಹೊರಗಿನ ಗೋಡೆಗಳ ಫೋಟೋ ತೆಗೆದು, ಅನುಮತಿ ಕೇಳಿದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ನೆಲದಡಿಯ ಕೇಬಲ್ಲು ಮತ್ತು ಕೊಳವೆಗಳದ್ದೂ ಇದೇ ಕಥೆ. ತೋಡುವ ಮೊದಲು ಬೆಸ್ಕಾಂ, ಜಲಮಂಡಳಿ ಮುಂತಾದವರಿಂದ ಅವು ಎಲ್ಲಿ ಹಾದುಹೋಗಿವೆ ಎಂದು ವಿಚಾರಿಸಿದ ದಾಖಲೆ ಇರಬೇಕು ಎಂಬ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ವಿಚಾರಿಸದೆ ಕೇಬಲ್ಲು ಕತ್ತರಿಸಿದರೆ ಖರ್ಚು ನಿಮ್ಮದೇ. ಹಳೆಯ ಮನೆಯ ಮೇಲೆ ಮಹಡಿ ಎಬ್ಬಿಸುವವರು, ಈಗಾಗಲೇ ಇರುವ ತಮ್ಮದೇ ಕಟ್ಟಡವು ಮೂರನೆಯವರ ಆಸ್ತಿ ಅಲ್ಲ, ಹೊಸ ಕಾಮಗಾರಿಯೂ ಅಲ್ಲ ಎಂಬುದನ್ನು ಅರಿತು, ಸುತ್ತಲಿನ ಸ್ವಂತ ಆಸ್ತಿಗೆ ಬೇರೆ ವಿಸ್ತರಣೆ ಬರೆಸಬೇಕು.

ಕೆಲಸಗಾರರು

ಕಾರ್ ಪಾಲಿಸಿಯ ಮೂರನೆಯವರ ಭಾಗದಲ್ಲಿ ಸೈಟಿನ ಕೆಲಸಗಾರರು ಸೇರುವುದಿಲ್ಲ. ಸಾರುವೆಯಿಂದ ಬಿದ್ದ ಗಾರೆಯವರಿಗೆ, ಕಬ್ಬಿಣ ಬಗ್ಗಿಸುವಾಗ ಬೆರಳು ಹೋದವರಿಗೆ ಬೇಕಾದದ್ದು ನೌಕರರ ಪರಿಹಾರ ವಿಮೆ. ಹಳಬರು ಈಗಲೂ ಇದನ್ನು ಡಬ್ಲ್ಯುಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಪಾಲಿಸಿ ಎಂದೇ ಕರೆಯುತ್ತಾರೆ. 1923ರ ಕಾಯ್ದೆಯಲ್ಲಿದ್ದ ಈ ಹೊಣೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಪರಿಹಾರ ಲೆಕ್ಕ ಹಾಕುವ ಕ್ರಮ ಮೂಲತಃ ಹಳೆಯದೇ.

ಆ ಕ್ರಮವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ ಈ ಪಾಲಿಸಿ ಏಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿಗೆ ಮಾಸಿಕ ವೇತನದ ಅರ್ಧವನ್ನು, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ವೇತನದ ಶೇ. 60ನ್ನು, ವಯಸ್ಸಿಗೆ ತಕ್ಕಂತೆ ನಿಗದಿಯಾದ ಗುಣಾಂಕದಿಂದ ಗುಣಿಸುತ್ತಾರೆ. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಮಿತಿಯನ್ನು 2020ರ ಜನವರಿಯ ಅಧಿಸೂಚನೆ 15,000 ರೂಪಾಯಿಗೆ ಏರಿಸಿತು. 30 ವರ್ಷದವರಿಗೆ ಗುಣಾಂಕ 207.98. ಹಾಗಾಗಿ ಆ ವಯಸ್ಸಿನ ಒಬ್ಬ ಸೆಂಟ್ರಿಂಗ್ ಕೆಲಸಗಾರ ಮೃತಪಟ್ಟರೆ ಪರಿಹಾರ 15,59,850 ರೂಪಾಯಿ. ಅದೇ ವ್ಯಕ್ತಿಯ ಹೆಬ್ಬೆರಳು ತುಂಡಾದರೆ, ಅನುಸೂಚಿಯ ಪ್ರಕಾರ ಅದು ದುಡಿಮೆಯ ಶಕ್ತಿಯಲ್ಲಿ ಶೇ. 30ರ ನಷ್ಟವಾದ್ದರಿಂದ, ಪರಿಹಾರ 5,61,546 ರೂಪಾಯಿ. ಚಿಕಿತ್ಸೆಯ ವೆಚ್ಚ ಇದರ ಮೇಲೆ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ, ಸಮರ್ಥನೀಯ ಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡ. ಬಡ್ಡಿ ಮತ್ತು ದಂಡಗಳನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಚಿಕಿತ್ಸೆಯ ವೆಚ್ಚವನ್ನು ಕೇಳಿ ಸೇರಿಸಿಕೊಳ್ಳಬೇಕು.

ಸಾವಿನ ಪ್ರಕರಣದಲ್ಲಿ ಊರ ಹಿರಿಯರ ಮುಂದೆ ರಾಜಿ ಮಾಡಿಕೊಂಡು ಕುಟುಂಬದವರ ಕೈಗೆ ಹಣ ಕೊಟ್ಟು ಕಾಗದ ಬರೆಸಿಕೊಳ್ಳುವ ರೂಢಿ ಇನ್ನೂ ಇದೆ. ಪರಿಹಾರವನ್ನು ಸಕ್ಷಮ ಪ್ರಾಧಿಕಾರದ ಮುಂದೆ ಠೇವಣಿ ಇಡಬೇಕೆಂಬುದು ಕಾನೂನು. ಹೊರಗೆ ಕೈಗೆ ಕೊಟ್ಟ ಹಣ ಪರಿಹಾರ ಕೊಟ್ಟಂತೆ ಆಗುವುದಿಲ್ಲ, ವಿಮಾ ಕಂಪನಿ ಅದನ್ನು ಮರಳಿ ಕೊಡುವುದೂ ಇಲ್ಲ.

ಈ ಪಾಲಿಸಿಯ ಪ್ರೀಮಿಯಂ ನಿಂತಿರುವುದು ಅವಧಿಯ ಒಟ್ಟು ಕೂಲಿಯ ಅಂದಾಜಿನ ಮೇಲೆ. ಕೆಲಸದ ಬಗೆ, ಜನರ ಸಂಖ್ಯೆ, ಕೂಲಿ ಮೂರನ್ನೂ ನಿಜವಾಗಿ ತಿಳಿಸಬೇಕು. ನಲವತ್ತು ಜನ ದುಡಿಯುವ ಕಡೆ ಹನ್ನೆರಡು ಜನ ಎಂದು ಬರೆಸಿದರೆ ಅಪಘಾತವಾದ ವ್ಯಕ್ತಿ ಆ ಹನ್ನೆರಡರಲ್ಲಿ ಒಬ್ಬ ಎಂದು ತೋರಿಸುವ ಭಾರ ನಿಮ್ಮದಾಗುತ್ತದೆ. ಅದಕ್ಕೆ ಇರುವ ಸಾಕ್ಷಿ ಹಾಜರಿ ಪುಸ್ತಕ ಒಂದೇ. ಉಪಗುತ್ತಿಗೆಯವರ ಜನ, ಅಂದರೆ ಮೇಸ್ತ್ರಿ ಕರೆತರುವ ಬಾರ್ ಬೆಂಡಿಂಗ್ ತಂಡ, ಪ್ಲಂಬಿಂಗ್‌ನವರು, ಪೇಂಟಿಂಗ್‌ನವರು ಇವರನ್ನು ಸೇರಿಸುವ ವಿಸ್ತರಣೆ ಇಲ್ಲದಿದ್ದರೆ ಪಾಲಿಸಿ ಅರ್ಧಕ್ಕೆ ನಿಲ್ಲುತ್ತದೆ. ಉಪಗುತ್ತಿಗೆದಾರ ಕೊಡದಿದ್ದರೆ ತನ್ನ ವ್ಯವಹಾರದ ಭಾಗವಾಗಿ ಕೆಲಸ ವಹಿಸಿದ ಮುಖ್ಯ ಗುತ್ತಿಗೆದಾರನೇ ಮೊದಲು ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು ಎಂಬುದು ಕಾನೂನಿನ ನಿಲುವು. ಮೇಸ್ತ್ರಿಯಿಂದ ಏನು ವಸೂಲಾದೀತು ಎಂಬುದು ಎಲ್ಲರಿಗೂ ಗೊತ್ತು.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯಲ್ಲಿರುವ ಕೆಲಸಗಾರರ ಪರಿಹಾರ ಅಲ್ಲಿಂದಲೇ ಬರುತ್ತದೆ, ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಕೇಳುವಂತಿಲ್ಲ. ಕಟ್ಟಡ ಸೈಟುಗಳ ಕಾರ್ಮಿಕರಿಗೆ 2015ರ ಆಗಸ್ಟ್‌ನಿಂದ ಈ ಯೋಜನೆಯನ್ನು ವಿಸ್ತರಿಸಲಾಯಿತು. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರು ಇದರೊಳಗೆ ಬರುತ್ತಾರೆ. ಕಾರ್ಮಿಕ ಕಲ್ಯಾಣ ಸೆಸ್ ವಿಷಯ ಬೇರೆ. ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಕಟ್ಟಿದ್ದೇವೆ, ವಿಮೆ ಏಕೆ ಎಂದು ಕೇಳುವವರಿದ್ದಾರೆ. ಆ ಹಣ ಕಲ್ಯಾಣ ಮಂಡಳಿಗೆ ಹೋಗಿ ನೋಂದಾಯಿತ ಕಾರ್ಮಿಕರ ಸೌಲಭ್ಯಗಳಿಗೆ ಬಳಕೆಯಾಗುತ್ತದೆ. ಮಾಲೀಕನ ಪರಿಹಾರದ ಹೊಣೆಯನ್ನು ಅದು ಇಳಿಸುವುದಿಲ್ಲ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ರಕ್ಷಣೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಇದೇ ಮಾತು ಹೊಂದುತ್ತದೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಎಲ್ಲ ಕೆಲಸಗಾರರಿಗೂ ಅದನ್ನು ಮಾಡಿಸಿಕೊಡುವುದು ಒಳ್ಳೆಯ ಕೆಲಸವೇ ಸರಿ, ಆದರೆ ಅದು ಡಬ್ಲ್ಯುಸಿ ಪಾಲಿಸಿಯ ಜಾಗ ತುಂಬುವುದಿಲ್ಲ.

ಯಂತ್ರಗಳು

ಜೆಸಿಬಿ, ಕ್ರೇನು, ಬ್ಯಾಚಿಂಗ್ ಪ್ಲಾಂಟು, ಕಾಂಕ್ರೀಟ್ ಪಂಪುಗಳಿಗೆ ಕಂಟ್ರಾಕ್ಟರ್ಸ್ ಪ್ಲಾಂಟ್ ಆಂಡ್ ಮೆಷಿನರಿ ಪಾಲಿಸಿ ಇದೆ. ಯಂತ್ರವನ್ನು ನೀವು ಕೊಂಡ ಬೆಲೆಗಲ್ಲ, ಅದೇ ಬಗೆಯ ಹೊಸ ಯಂತ್ರದ ಇಂದಿನ ಬೆಲೆಗೆ ವಿಮೆ ಮಾಡಿಸಬೇಕು. ಸೆಕೆಂಡ್ ಹ್ಯಾಂಡ್ ಕೊಂಡವರು ಇಲ್ಲಿಯೇ ಎಡವುತ್ತಾರೆ. ಉರುಳಿ ಬೀಳುವುದು, ಬೆಂಕಿ, ಡಿಕ್ಕಿ, ಕಳವು ಇದರಲ್ಲಿ ಸೇರುತ್ತವೆ, ಎಂಜಿನ್ ಕೆಟ್ಟು ನಿಂತರೆ ಸೇರುವುದಿಲ್ಲ. ಸಾರ್ವಜನಿಕ ರಸ್ತೆಗೆ ಇಳಿಯುವ ಯಂತ್ರಕ್ಕೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೂರನೆಯವರ ವಿಮೆ ಕಡ್ಡಾಯವಾಗಿದ್ದು, ಅದನ್ನು ಬೇರೆಯಾಗಿಯೇ ಮಾಡಿಸಬೇಕು. ಬಾಡಿಗೆಗೆ ತಂದ ಯಂತ್ರವಾದರೆ ಹಾನಿ ಯಾರದು ಎಂದು ಬಾಡಿಗೆ ಚೀಟಿಯಲ್ಲಿ ಒಂದು ಸಾಲು ಬರೆಸಿ, ಯಂತ್ರದ ಮಾಲೀಕರ ಪಾಲಿಸಿಯ ಪ್ರತಿ ನೋಡಿ.

ಉಳಿದವು

ದೂರದಿಂದ ಟೈಲ್ಸು, ಗಾಜು, ಲಿಫ್ಟಿನ ಬಿಡಿಭಾಗ ತರಿಸುವವರಿಗೆ ಸಾಗಣೆ ವಿಮೆ ಬೇಕು, ಏಕೆಂದರೆ ಕಾರ್ ಪಾಲಿಸಿಯ ರಕ್ಷಣೆ ಸಾಮಾನು ಸೈಟಿನಲ್ಲಿ ಇಳಿದ ಮೇಲೆ ಆರಂಭವಾಗುತ್ತದೆ. ವಾಸ್ತುಶಿಲ್ಪಿಗಳು ಮತ್ತು ಸ್ಟ್ರಕ್ಚರಲ್ ಎಂಜಿನಿಯರರಿಗೆ ವೃತ್ತಿ ಹೊಣೆಗಾರಿಕೆಯ ವಿಮೆ ಇದೆ. ತಪ್ಪು ನಡೆದಾಗ ಇದ್ದ ಪಾಲಿಸಿಗಿಂತ, ದಾವೆ ಬಂದಾಗ ಚಾಲ್ತಿಯಲ್ಲಿರುವ ಪಾಲಿಸಿಯೇ ಅದಕ್ಕೆ ಹಣ ಕೊಡುವುದರಿಂದ ಅದನ್ನು ನಡುವೆ ಬಿಡದೆ ನವೀಕರಿಸುತ್ತ ಹೋಗಬೇಕು. ಗುತ್ತಿಗೆದಾರರ ಕಾಯಂ ಗೋದಾಮಿಗೆ, ಆಸ್ತಿಯ ಬೆಲೆ 5 ಕೋಟಿಯೊಳಗಿದ್ದರೆ, ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಎಂಬ ಪಾಲಿಸಿ ಹೊಂದುತ್ತದೆ.

ಬ್ಯಾಂಕ್ ಗ್ಯಾರಂಟಿಯ ಬದಲು ಕೊಡಬಹುದಾದ ಶ್ಯೂರಿಟಿ ಬಾಂಡ್‌ಗೆ (ಗುತ್ತಿಗೆದಾರ ಕರಾರು ಮುರಿದರೆ ಇಲಾಖೆಗೆ ಹಣ ಕೊಡುವುದಾಗಿ ವಿಮಾ ಕಂಪನಿ ಬರೆದುಕೊಡುವ ಪತ್ರಕ್ಕೆ) ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನಲ್ಲಿ ಹಣ ಸಿಕ್ಕಿಕೊಳ್ಳುವುದು ತಪ್ಪುತ್ತದೆ ಎಂಬುದು ನಿಜ. ಹೆಸರಿನಲ್ಲಿ ವಿಮೆ ಎಂದಿದ್ದರೂ ಇದು ಗುತ್ತಿಗೆದಾರನಿಗೆ ರಕ್ಷಣೆಯಲ್ಲ. ಇಲಾಖೆಗೆ ಹಣ ಕೊಟ್ಟ ಮೇಲೆ ಕಂಪನಿ ಅದನ್ನು ಗುತ್ತಿಗೆದಾರನಿಂದಲೇ ವಸೂಲು ಮಾಡುತ್ತದೆ.

ಕೆಲಸ ಮುಗಿದ ಮೇಲೆ

ಕಟ್ಟಡ ಹಸ್ತಾಂತರವಾದ ಮೇಲೆ ದೋಷ ಹೊಣೆಗಾರಿಕೆಯ ಅವಧಿಗೆ ಎರಡು ಬಗೆಯ ವಿಸ್ತರಣೆಗಳು ಸಿಗುತ್ತವೆ. ಒಂದರಲ್ಲಿ ಗುತ್ತಿಗೆದಾರರ ಜನ ರಿಪೇರಿಗೆ ಬಂದಾಗ ಅವರ ಕೈಯಿಂದ ಆಗುವ ಹಾನಿ ಮಾತ್ರ ಸೇರುತ್ತದೆ. ಇನ್ನೊಂದರಲ್ಲಿ, ಕಟ್ಟುವ ಕಾಲದಲ್ಲಿ ಸೈಟಿನಲ್ಲಿಯೇ ಬೇರುಬಿಟ್ಟ ಕಾರಣದಿಂದ ಈಗ ಆಗುವ ಹಾನಿಯೂ ಸೇರುತ್ತದೆ. ಬೆಲೆಯ ವ್ಯತ್ಯಾಸ ನೋಡಿ ಮೊದಲನೆಯದನ್ನು ಆರಿಸುವವರೇ ಹೆಚ್ಚು. ಸರ್ಕಾರಿ ಕಾಮಗಾರಿಯಲ್ಲಿ ಕರಾರು ಯಾವುದನ್ನು ಕೇಳುತ್ತದೆ ಎಂದು ನೋಡಿಯೇ ತೀರ್ಮಾನಿಸಬೇಕು.

ಅಪಾರ್ಟ್‌ಮೆಂಟ್ ಕಟ್ಟಿದವರ ಹೊಣೆ ಇಲ್ಲಿಗೆ ಮುಗಿಯುವುದಿಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಕಲಮಿನಂತೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದಲ್ಲಿ ದೋಷ ಕಂಡರೆ ಬಿಲ್ಡರು ಮೂವತ್ತು ದಿನದೊಳಗೆ ಖರ್ಚು ಕೇಳದೆ ಸರಿಪಡಿಸಬೇಕು. ಕಾರ್ ಪಾಲಿಸಿ ಈ ಐದು ವರ್ಷಗಳನ್ನು ಹೊರುವುದಿಲ್ಲ ಎಂದು ತಿಳಿದೇ ಲೆಕ್ಕ ಹಾಕಿಕೊಳ್ಳಿ. ಸ್ವಂತ ಮನೆಯವರು ಗೃಹಪ್ರವೇಶದ ದಿನದಿಂದಲೇ ಭಾರತ್ ಗೃಹ ರಕ್ಷಾ ಪಾಲಿಸಿ ಆರಂಭವಾಗುವಂತೆ ನೋಡಿಕೊಳ್ಳಬೇಕು. ಮೊತ್ತ ಕಡಿಮೆಯಾಯಿತೆಂದು ಪಾಲು ಕಡಿಯುವ ಪದ್ಧತಿ ಅದರಲ್ಲಿಲ್ಲ, ಮನೆಯ ಸಾಮಾನುಗಳಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ತಾನಾಗಿಯೇ ಸೇರಿರುತ್ತದೆ.

ಅವಘಡವಾದಾಗ

ಮೊದಲು ಜನರನ್ನು ಹೊರತೆಗೆದು ಆಸ್ಪತ್ರೆಗೆ ಸೇರಿಸುವುದು, ಆಮೇಲೆ ಉಳಿದದ್ದು ಕುಸಿಯದಂತೆ ಆಧಾರ ಕೊಡುವುದು. ಇವೆರಡಕ್ಕೂ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಅದೇ ದಿನ ಕಂಪನಿಗೆ ಇ-ಮೇಲಿನಲ್ಲಿ ತಿಳಿಸಿ. ಕಾರ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 14 ದಿನಗಳ ಗಡುವು ಇದ್ದರೂ, ಕೂಡಲೇ ತಿಳಿಸಬೇಕೆಂಬ ಮಾತೂ ಅದರ ಪಕ್ಕದಲ್ಲೇ ಇರುತ್ತದೆ. ನಷ್ಟ ಅಂದಾಜಿಸಲು ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವ ಮೊದಲು ಅವಶೇಷವನ್ನು ಲಾರಿಗೆ ತುಂಬಿ ಕಳಿಸಬಾರದು. ರಸ್ತೆಗೆ ಅಡ್ಡಬಿದ್ದದ್ದನ್ನು ತೆಗೆಯಲೇಬೇಕಾದರೆ ಎಲ್ಲ ಕಡೆಯಿಂದ ವಿಡಿಯೋ ಮಾಡಿ, ತೆಗೆದದ್ದನ್ನು ಸೈಟಿನ ಒಂದು ಮೂಲೆಯಲ್ಲಿ ಬೇರೆಯಾಗಿ ರಾಶಿ ಹಾಕಿಸಿ. ಅವಶೇಷ ತೆರವಿನ ಖರ್ಚು ಸಿಗಬೇಕಾದರೆ ಅದಕ್ಕೆ ಪಾಲಿಸಿಯಲ್ಲಿ ಪ್ರತ್ಯೇಕ ಮೊತ್ತ ಬರೆಸಿರಬೇಕು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಸರ್ವೇಯರ್‌ಗೆ ಕೊಡಬೇಕಾದ ಕಾಗದಗಳೆಂದರೆ ಕರಾರು, ಮಂಜೂರಾದ ನಕ್ಷೆ, ಬಾಬುವಾರು ದರಪಟ್ಟಿ, ಅಳತೆ ಪುಸ್ತಕ, ಸಾಮಗ್ರಿಯ ಬಿಲ್ಲು ಮತ್ತು ದಾಸ್ತಾನು ಪುಸ್ತಕ, ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ವರದಿ, ಹಾಜರಿ ಪುಸ್ತಕ, ಪೊಲೀಸ್ ದೂರು ಮತ್ತು ಮಹಜರು. ಇವುಗಳ ಪೈಕಿ ಕ್ಯೂಬ್ ಪರೀಕ್ಷೆಯ ವರದಿಯನ್ನು ಸಣ್ಣ ಗುತ್ತಿಗೆದಾರರು ಸಾಮಾನ್ಯವಾಗಿ ಮಾಡಿಸಿಯೇ ಇರುವುದಿಲ್ಲ, ಕುಸಿತದ ಪ್ರಕರಣದಲ್ಲಿ ಸರ್ವೇಯರ್ ಮೊದಲು ಕೇಳುವುದು ಅದನ್ನೇ. ಗಾಯಗೊಂಡ ಹೊರಗಿನವರಿಗೆ ಅಥವಾ ನೆರೆಯವರಿಗೆ ‘ತಪ್ಪು ನಮ್ಮದೇ, ಪೂರ್ತಿ ಕೊಡುತ್ತೇವೆ’ ಎಂದು ಕಂಪನಿಯ ಒಪ್ಪಿಗೆಯಿಲ್ಲದೆ ಬರೆದುಕೊಟ್ಟರೆ ಅದೇ ಕ್ಲೇಮಿಗೆ ಅಡ್ಡಿಯಾಗುತ್ತದೆ. ಮಾನವೀಯ ನೆರವನ್ನು ನೆರವು ಎಂದೇ ಹೇಳಿ ಕೊಡಿ.

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಪಾಲಿಸಿಯ ಕಲಮಿನ ಸಮೇತ ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿ ಪಡೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಬರೆದ ಮೇಲೂ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ದೂರುಗಳಿಗೆ ಬೆಂಗಳೂರಿನಲ್ಲಿ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ವ್ಯಕ್ತಿಗಳಿಗೆ, ಒಬ್ಬರೇ ಮಾಲೀಕರಾಗಿರುವ ಸಂಸ್ಥೆಗಳಿಗೆ ಮತ್ತು ಅತಿ ಸಣ್ಣ ಉದ್ಯಮಗಳಿಗೆ ಈ ದಾರಿ ತೆರೆದಿದೆ. ಕೊಡಿಸಬಹುದಾದ ಮೊತ್ತದ ಮಿತಿ 50 ಲಕ್ಷ ರೂಪಾಯಿ. ಅದಕ್ಕಿಂತ ದೊಡ್ಡ ಕ್ಲೇಮುಗಳೂ ಕಂಪನಿಗಳ ಪ್ರಕರಣಗಳೂ ಗ್ರಾಹಕ ಆಯೋಗ ಅಥವಾ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಒಂಬುಡ್ಸ್‌ಮನ್‌ಗೆ ದೂರು ಕೊಡುವ ಹೊತ್ತಿಗೆ ಅದೇ ವಿಷಯ ಬೇರೆ ನ್ಯಾಯಾಲಯದಲ್ಲಿ ನಡೆಯುತ್ತಿದ್ದರೆ ಅವರು ದೂರನ್ನು ಎತ್ತಿಕೊಳ್ಳುವುದಿಲ್ಲವಾದ್ದರಿಂದ, ಯಾವ ಬಾಗಿಲು ಎಂಬುದನ್ನು ಮೊದಲೇ ತೀರ್ಮಾನಿಸಿ ಅರ್ಜಿ ಹಾಕಿ.